ಇಳಿಯುವ ಗೆರೆಗೆ ಅರಳಿದ ಮುಖ

ಬೆಚ್ಚಿಬೀಳುವುದಕ್ಕೂ ಸಂಬಳ ಕೊಡುತ್ತಿದ್ದರೆ ಊರಿಗಾಂ ಕಡೆಯ ಆ ಚಿನ್ನದ ಗಣಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ನಾನು ಬಂಗಲೆ ಕಟ್ಟಿಸಿಬಿಡುತ್ತಿದ್ದೆ. ಆ ವರ್ಷವಂತೂ ಚಿನ್ನದ ಹುಟ್ಟುವಳಿ ಇಳಿದಿತ್ತು, ಲಂಡನ್ನಿನಿಂದ ಕಂಪನಿಯ ದೊಡ್ಡ ದೊರೆ ಬೇರೆ ಬರುವವರಿದ್ದರು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, "ವರ್ಷದ ಹುಟ್ಟುವಳಿಯನ್ನು ಒಂದೇ ಚಿತ್ರದಲ್ಲಿ ತೋರಿಸು. ನೋಡಿದ ಕೂಡಲೇ ದೊರೆಯ ಮುಖ ಅರಳಬೇಕು. ಇಲ್ಲದಿದ್ದರೆ ನೀನು ಕೆಲಸ ಬಿಟ್ಟು ಬಂಗಾರಪೇಟೆ ರೈಲು ಹತ್ತು" ಎಂದರು. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಆಗಲೇ ಕಾಗದ ಹಾಸಿಕೊಂಡು ಕುಳಿತೆ.

೧. ದುಂಡು ಚಿತ್ರ

ಯಾವ ಸುರಂಗದಿಂದ ಎಷ್ಟು ಚಿನ್ನ ಎಂದು ದೊಡ್ಡ ವೃತ್ತವನ್ನು ಹೋಳು ಮಾಡಿ, ಕೆಂಪು, ಹಳದಿ, ಕಪ್ಪು ಬಳಿದು, ಒಣಗಲೆಂದು ನೆಲಕ್ಕೆ ಹಾಸಿ ಊಟಕ್ಕೆ ಹೋದೆ. ಬಂದು ನೋಡಿದರೆ, ವೃತ್ತದ ನಡುವೆ ಕುಯ್ದ ನಿಂಬೆಹಣ್ಣು, ಕುಂಕುಮ, ಉರಿಯುವ ಕರ್ಪೂರ! ಕಸ ಗುಡಿಸುವ ಅಜ್ಜಿ ಪಕ್ಕದಲ್ಲೇ ಕೈಮುಗಿದು ನಿಂತಿದ್ದಳು.

"ಯಾವನೋ ಈ ಮಂಡ್ಲ ಬರ್ದು ನಿಮ್ಗೆ ಮಾಟ ಮಾಡ್ಸವ್ನೆ ಸಾಮೀ. ನಾನೇ ನಿಂಬೆಣ್ಣು ಕುಯ್ದು ತೆಗೆದಾಕ್ಬುಟ್ಟೆ."

"ಅಯ್ಯೋ, ನನ್ನ ಚಿತ್ರ ಕಣಜ್ಜೀ!"

ಅಷ್ಟರಲ್ಲಿ ಕಾಗದಕ್ಕೂ ಬೆಂಕಿ ಹತ್ತಿತು. ಅಜ್ಜಿಗೆ ಪರಮಾನಂದ.

"ನೋಡಿ, ಎಂಗೆ ಸುಟ್ಟೋಯ್ತೈತೆ! ಪೀಡೆ ತೊಲಗ್ತು."

೨. ಕಂಬದ ಚಿತ್ರ

ಈ ಸಲ ತಿಂಗಳಿಗೊಂದು ಕಂಬ, ಚಿನ್ನ ಬಂದಷ್ಟು ಎತ್ತರ. ಸುರಂಗದ ಮಾಡು ಕುಸಿಯದಂತೆ ಮರದ ಆಸರೆ ಕೊಡಿಸುವ ಮೇಸ್ತ್ರಿ ಒಳಗೆ ಬಂದವನೇ ಕಿರುಚಿದ.

"ಯಾವನ್ಲಾ ಈ ಕಂಬ ನಿಲ್ಸಿದ್ದು? ಒಂದುದ್ದ, ಒಂದು ಗಿಡ್ಡ! ಮಾಡು ಕುಂತ್ಕೊಂಡ್ರೆ ಒಳಗಿರೋರ ಗತಿಯೇನ್ಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪೆನ್ಸಿಲ್ ಕಿತ್ತುಕೊಂಡು ಗಿಡ್ಡ ಕಂಬಗಳನ್ನೆಲ್ಲ ಉದ್ದ ಮಾಡಿ, ಮೇಲೊಂದು ತೊಲೆ ಎಳೆದೇಬಿಟ್ಟ. "ಈಗ ಬೀಳಾಕಿಲ್ಲ ಬುಡು" ಎಂದ. ಹುಟ್ಟುವಳಿಯನ್ನು ಅಷ್ಟು ಸಲೀಸಾಗಿ ಏರಿಸಿದವರನ್ನು ನಾನು ಮತ್ತೆ ಕಂಡಿಲ್ಲ.

೩. ಗೆರೆ ಚಿತ್ರ

ಇನ್ನು ಹೊತ್ತಿರಲಿಲ್ಲ. ಒಂದೇ ಗೆರೆ ಎಳೆದೆ. ಅದು ಜನವರಿಯಲ್ಲಿ ಹೊರಟು ಡಿಸೆಂಬರಿಗೆ ಪಾತಾಳ ಮುಟ್ಟಿತು. ಸತ್ಯ ಹಾಗೇ ಇತ್ತು, ಏನು ಮಾಡಲಿ?

ದೊರೆ ಬಂದ ದಿನ ಕಚೇರಿಯ ಜವಾನ ಸ್ವಾಗತದ ಭರಾಟೆಯಲ್ಲಿ ನನ್ನ ಚಿತ್ರಕ್ಕೂ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದ್ದ. ಮೇಲಿದ್ದ ತಲೆಬರಹ, ಅಂಕಿ ಎಲ್ಲ ಹೂವಿನಡಿ ಮುಚ್ಚಿಹೋಗಿ ಗೆರೆಯೊಂದೇ ಉಳಿದಿತ್ತು.

"ಇದೇನು?" ಎಂದು ದೊರೆ ಗೆರೆಯತ್ತ ಬೆರಳು ತೋರಿಸಿದರು.

ಸಾಹೇಬರ ಮುಖ ಸುಣ್ಣವಾಯಿತು. ಪಕ್ಕದಲ್ಲಿ ರುಮಾಲು ಸುತ್ತಿ ನಿಂತಿದ್ದ ಅದೇ ಮೇಸ್ತ್ರಿ ಎದೆಯುಬ್ಬಿಸಿ ಮುಂದೆ ಬಂದ.

"ನಮ್ಮ ಗಣಿ ಬಾವಿ ದೊರೇ! ಈ ವರ್ಸ ಎಷ್ಟಾಳಕ್ಕೆ ಇಳ್ದಿದೀವಿ ನೋಡಿ!"

"ಏನಂತಾನೆ?" ಎಂದು ದೊರೆ ನನ್ನನ್ನು ಕೇಳಿದರು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ದೊರೆಯ ಮುಖ ಊರಗಲವಾಯಿತು. ಟೋಪಿ ತೆಗೆದು ಮೇಸ್ತ್ರಿಯ ಕೈ ಕುಲುಕಿದರು. ಆಮೇಲೆ ನನ್ನ ಬೆನ್ನು ತಟ್ಟಿ ಸಾಹೇಬರ ಕಡೆ ತಿರುಗಿದರು.

"ಎಷ್ಟು ಸ್ಪಷ್ಟವಾದ ಚಿತ್ರ! ಇವನನ್ನು ಕೈಬಿಡಬೇಡಿ. ಮುಂದಿನ ವರ್ಷ ಈ ಗೆರೆ ಇನ್ನೂ ಕೆಳಗಿಳಿಯಬೇಕು, ತಿಳಿಯಿತೆ?"

ಸಾಹೇಬರು ಕೆಮ್ಮುತ್ತ ತಲೆಯಾಡಿಸಿದರು. ದೊರೆಯ ಅಪ್ಪಣೆಯನ್ನು ನಾನು ಮೇಸ್ತ್ರಿಗೆ ಕನ್ನಡದಲ್ಲಿ ಹೇಳಿದೆ.

"ಇಳಿಸ್ದೆ ಬುಡ್ತೀವಾ ಸಾಮೀ!" ಎಂದ.