ಎರಡನೇ ಭಾಗದಲ್ಲಿ ಅತ್ತೆ

ಈ ಸಲ ಯಾರ ಮುಲಾಜಿಗೂ ಬೀಳದೆ ಆ ಸಿನಿಮಾವನ್ನು ಹೂತು ಬರುತ್ತೇನೆ ಎಂದು ದೊಬ್ರಿ ತಿಂಡಿಯ ತಟ್ಟೆಯ ಮುಂದೆ ಕೂತು ಪ್ರತಿಜ್ಞೆ ಮಾಡಿದ. ಹೂಳಬೇಕಾದ ಸಿನಿಮಾವನ್ನು ಅವನಿನ್ನೂ ನೋಡಿರಲಿಲ್ಲ. ಅದೊಂದು ಅಡ್ಡಿ ಎಂದು ಅವನಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಬಲ್ಗೇರಿಯದ ಗೊರ್ನೊವೊ ಎಂಬ ಆ ಸಣ್ಣ ಊರಿನಲ್ಲಿ ದೊಬ್ರಿಗೆ ಎರಡು ಕಸುಬು. ವಾರವಿಡೀ ಹೆಂಡತಿ ಸೆವ್ದಾಳ ಜೊತೆ ಅಂಗಡಿಯಲ್ಲಿ ಕಿಟಕಿ ಪರದೆ ಮಾರುವುದು, ಶನಿವಾರ ಬೆಳಿಗ್ಗೆ ಊರಿನ ರೇಡಿಯೊದಲ್ಲಿ ಬೆಳ್ಳಿಪರದೆಯ ಮಾನ ಕಳೆಯುವುದು. ಕಾರ್ಯಕ್ರಮದ ಹೆಸರು ‘ನೋಡಿದವರ ಮಾತು’. ನೋಡಿದವರು ಯಾರು ಬೇಕಾದರೂ ಫೋನ್ ಮಾಡಿ ತಮ್ಮ ಅಭಿಪ್ರಾಯ ಹೇಳಬಹುದು. ಮೊದಲ ಮಾತು ಮಾತ್ರ ದೊಬ್ರಿಯದು. ಆ ಕಡೆ ಹಿರಿಯ ಗಂಡಸರ ಹೆಸರಿಗೆ ಮೊದಲು ಗೌರವಕ್ಕೆ ‘ಬೈ’ ಎಂದು ಸೇರಿಸುತ್ತಾರೆ. ಎಲ್ಲರೂ ಬೈ ದೊಬ್ರಿ, ಬೈ ದೊಬ್ರಿ ಎಂದು ಕರೆದು ಕರೆದು ಅವನು ಅದನ್ನು ಅಪ್ಪಣೆಯೆಂದೇ ತಿಳಿದುಕೊಂಡಿದ್ದ. ಕಂಡ ಸಿನಿಮಾವನ್ನೆಲ್ಲ ಬೈಯುತ್ತಿದ್ದ.

ಈ ಸಲದ ಬಲಿ ‘ಲಿಫ್ಟ್’ ಚಿತ್ರದ ಎರಡನೇ ಭಾಗ. ಮೊದಲ ಭಾಗ ಊರಿಗೆಲ್ಲ ಬಾಯಿಪಾಠ. ಭಾವ ಮೈದುನ ಇಬ್ಬರು, ಅವರ ಹಳೇ ಕಟ್ಟಡದಲ್ಲೊಂದು ಹಳೇ ಲಿಫ್ಟು. ಮೇಲೆ ಹೋದರೆ ನಾಳೆ, ಕೆಳಗೆ ಹೋದರೆ ಅಜ್ಜನ ಕಾಲ. ಎರಡನೇ ಭಾಗದಲ್ಲಿ ಆ ಲಿಫ್ಟಿನ ಹಗ್ಗ ಹರಿದು ಇಬ್ಬರೂ ಸತ್ತು ನೇರ ಪರಲೋಕದಲ್ಲಿ ಇಳಿಯುತ್ತಾರಂತೆ.

“ಮೊದಲನೇದ್ರಲ್ಲಿ ಕಾಲದಲ್ಲಿ ಓಡಾಡಿದ್ರು, ಎರಡನೇದ್ರಲ್ಲಿ ಕಾಲವಾದ್ರು. ಹೇಗಿದೆ ಮಾತು?” ಎಂದು ದೊಬ್ರಿ ಹೆಂಡತಿಯನ್ನು ಕೇಳಿದ.

“ಮೊದಲು ನೋಡ್ಕೊಂಡು ಬಾ,” ಎಂದಳು ಸೆವ್ದಾ. ಅಷ್ಟೇ. ವಸಂತದಲ್ಲಿ ಅವಳ ಅಮ್ಮ ಮಿಂಕಾ ತೀರಿಕೊಂಡ ಮೇಲೆ ಸೆವ್ದಾ ಮಾತನ್ನೂ ಬಟ್ಟೆಯ ಹಾಗೆ ಅಳೆದೇ ಕೊಡುತ್ತಿದ್ದಳು. ಮಣ್ಣು ಮಾಡಿದ ದಿನ ಅತ್ತಿರಲಿಲ್ಲ. ತಿಥಿಯ ದಿನ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಬಂದವರಿಗೆಲ್ಲ ಹಂಚಿ, ಪಾತ್ರೆ ತೊಳೆದು, ಮರುದಿನ ಅಂಗಡಿಯ ಬಾಗಿಲು ತೆಗೆದಿದ್ದಳು. ಮಿಂಕಾ ಇವರ ಜೊತೆಯೇ ಇದ್ದವಳು. ಅಳಿಯನನ್ನು ತಿದ್ದುವುದೇ ಅವಳ ದಿನಚರಿ. ಅವಳು ಹೋದ ಮೇಲೆ ಮನೆ ಎಷ್ಟು ಮೌನವಾಯಿತೆಂದರೆ ಅದನ್ನು ತುಂಬಿಸಲು ದೊಬ್ರಿ ಮೊದಲಿಗಿಂತ ಹೆಚ್ಚು ಮಾತಾಡತೊಡಗಿದ್ದ. ಅದರಿಂದ ಯಾರಿಗೂ ಪ್ರಯೋಜನವಾಗಿರಲಿಲ್ಲ.

ಗುರುವಾರ ಮಧ್ಯಾಹ್ನದ ಆಟಕ್ಕೆ ಹೋಗುವ ಮುನ್ನ ಯುದ್ಧಕ್ಕೆ ಹೊರಟವನ ಹಾಗೆ ಉಂಡ. ಮಡಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ, ಹಂದಿ ಮಾಂಸ, ಹಸಿವಿಗೆಂದು ಒಂದು ಲೋಟ ರಾಕಿಯಾ ಎಂಬ ಹಣ್ಣಿನ ಸಾರಾಯಿ, ಅದು ಜೀರ್ಣವಾಗಲೆಂದು ಇನ್ನೊಂದು. ಚಿತ್ರಮಂದಿರದ ಯಜಮಾನ ರುಸ್ಕೊ ಹಲ್ಲು ಕಿರಿದು, ಹಿಂದಿನ ಸಾಲಿನ ಮೆತ್ತನೆಯ ಕುರ್ಚಿಯನ್ನೇ ಕೊಟ್ಟ. ಕತ್ತಲಾಯಿತು. ಲಿಫ್ಟಿನ ಹಗ್ಗ ಪಟ್ಟನೆ ಹರಿಯಿತು.

ಆಮೇಲೆ ದೊಬ್ರಿ ಕಂಡದ್ದು ಇಷ್ಟು. ಲಿಫ್ಟಿನ ಬಾಗಿಲು ತೆರೆಯಿತು. ಪರಲೋಕವೆಂದರೆ ಪುರಸಭೆಯ ಕಚೇರಿಯಲ್ಲಿರುವಂಥ ಒಂದು ಉದ್ದನೆಯ ಕಾರಿಡಾರು. ಅದರ ತುದಿಯಲ್ಲಿ ಮೇಜು, ಮೇಜಿನ ಹಿಂದೆ ನೀಲಿ ಏಪ್ರನ್ ಕಟ್ಟಿದ ಮುದುಕಿ. ಸುಟ್ಟ ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ, ತಲೆಯೆತ್ತದೆ ಹೇಳಿದಳು:

“ಎಲ್ಲಿಗೆ ನುಗ್ತಾ ಇದ್ದೀಯ? ಬೂಟು ಬಿಚ್ಚು. ಸತ್ತ ಮಾತ್ರಕ್ಕೆ ನೆಲ ತಾನಾಗೇ ಒರೆಸ್ಕೊಳ್ಳುತ್ತಾ?”

ಬೂಟು ಬಿಚ್ಚಿದ ಮೇಲೆ ಬ್ರೆಡ್ಡಿನ ಚೂರಿನ ಮೇಲೆ ಒಂದು ಮೆಣಸಿನಕಾಯಿ ಇಟ್ಟು ಚಾಚಿದಳು. “ತಿನ್ನು. ಸೊರಗಿ ಹೋಗಿದ್ದೀಯ.”

ಅಷ್ಟರಲ್ಲಿ ಚಪ್ಪಾಳೆ, ದೀಪ, ಕುರ್ಚಿಗಳ ಸದ್ದು. ಕಣ್ಣುಜ್ಜುತ್ತ ಹೊರಗೆ ಬಂದ ದೊಬ್ರಿಗೆ ತಾನು ಮಲಗಿದ್ದೆ ಎಂಬ ಸುಳಿವೂ ಇರಲಿಲ್ಲ. ಸಿನಿಮಾ ಸ್ವಲ್ಪ ಚಿಕ್ಕದಾಯಿತು ಎಂದಷ್ಟೇ ಅನ್ನಿಸಿತ್ತು.

ಶನಿವಾರ ರೇಡಿಯೊದಲ್ಲಿ ಅವನು ತಾಳೆ ನೋಡಿ ತೂಕ ಹಾಕಿದವನಂತೆ ತೀರ್ಪು ಕೊಟ್ಟ. ಕಥೆಗೆ ತಲೆಯಿಲ್ಲ, ಬಾಲವಿಲ್ಲ. ಕಾಲವಾದರು ಎಂಬ ಮಾತನ್ನೂ ಹೊಡೆದ. ಆದರೆ ನ್ಯಾಯವಂತನಾದ್ದರಿಂದ ಒಂದು ದೃಶ್ಯವನ್ನು ಹೊಗಳದೆ ಇರಲಾರೆನೆಂದು ಆ ಮುದುಕಿಯ ಪಾತ್ರವನ್ನು ವಿವರಿಸಿದ. ಅವಳ ದನಿಯಲ್ಲೇ ಬೂಟಿನ ಮಾತು ಹೇಳಿದ. ಇಂಥ ನಟಿ ಇಷ್ಟು ದಿನ ಎಲ್ಲಿದ್ದಳು ಎಂದು ಕೇಳಿದ.

ದೊಬ್ರಿ ಅಂಗಡಿಗೆ ಬಂದಾಗ, ರೇಡಿಯೊ ಕೇಳುತ್ತಿದ್ದ ಸೆವ್ದಾಳ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತ್ತು.

“ಆ ಮುದುಕಿ ಏನಂದ್ಲು ಅಂದೆ? ಇನ್ನೊಂದ್ಸಲ ಹೇಳು.”

ದೊಬ್ರಿ ಹೇಳಿದ.

“ಸಿಪ್ಪೆ ಎಲ್ಲಿಂದ ಸುಲೀತಿದ್ಲು?”

“ತುದಿಯಿಂದ. ತೊಟ್ಟು ಹಿಡ್ಕೊಂಡು.”

ಸೆವ್ದಾ ಕತ್ತರಿ ಕೆಳಗಿಟ್ಟಳು. ಗಿರಾಕಿಗಳು ಹೆಚ್ಚು ಬರುವ ಶನಿವಾರವೇ ಅಂಗಡಿಗೆ ಬೀಗ ಹಾಕಿ, ಕೋಟು ತೊಟ್ಟು ಚಿತ್ರಮಂದಿರದ ಕಡೆ ನಡೆದಳು.

ಅವಳೊಬ್ಬಳೇ ಅಲ್ಲ, ಊರಿಗೆ ಊರೇ ಹೋಗಿತ್ತು. ರುಸ್ಕೊ ಪಕ್ಕದ ಕಾಫಿ ಅಂಗಡಿಯಿಂದ ಸ್ಟೂಲು ತರಿಸಿ ಜನರನ್ನು ಕೂರಿಸಬೇಕಾಯಿತು. ಎಲ್ಲರೂ ಕತ್ತು ಚಾಚಿ ಮುದುಕಿಗಾಗಿ ಕಾದರು. ಭಾವ ಮೈದುನರು ಸತ್ತರು, ಅಲೆದರು, ವಾಪಸ್ಸು ಬಂದರು. ಮುದುಕಿ ಬರಲೇ ಇಲ್ಲ.

ಮೆಟ್ಟಿಲ ಮೇಲೆ ದೊಡ್ಡ ಗಲಾಟೆ. ರುಸ್ಕೊ ಆ ದೃಶ್ಯವನ್ನು ಕತ್ತರಿಸಿ ಹಾಕಿದ್ದಾನೆಂದು ಕೆಲವರು ಅವನ ಅಂಗಿ ಹಿಡಿದರು. ಔಷಧಿ ಅಂಗಡಿಯ ಎವ್ದೋಕಿಯಾ, ಮುದುಕಿ ಇದ್ದಳು, ಮಿಂಚಿನಂತೆ ಬಂದು ಹೋದಳು, ನೋಡುವ ಕಣ್ಣು ಬೇಕು ಎಂದಳು. ಅದು ಕೇಳಿದ್ದೇ ತಡ, ನೋಡಿದವರ ಸಂಖ್ಯೆ ಬೆಳೆಯಿತು. ಬಸ್ ಡ್ರೈವರೊಬ್ಬ, ಅವಳು ನಟಿಸಿದ್ದು ಸ್ವಲ್ಪ ಅತಿಯಾಯಿತು, ಮೆಣಸಿನಕಾಯಿಯೂ ಸರಿಯಾಗಿ ಸುಟ್ಟಿರಲಿಲ್ಲ ಎಂದ. ಇನ್ನೊಬ್ಬ, ಮೊದಲ ಭಾಗದಲ್ಲಿ ಇದೇ ಮುದುಕಿ ಇದಕ್ಕಿಂತ ಚೆನ್ನಾಗಿ ಮಾಡಿದ್ದಳು ಎಂದು ನೆನಪಿಸಿದ. ಕಾಣಲಿಲ್ಲ ಎಂದವರೆಲ್ಲ ರಸಿಕತೆಯಿಲ್ಲದವರಾಗಿ ಮೂಲೆ ಸೇರಿದರು.

ಈ ಸುದ್ದಿ ಫೋನಿನಲ್ಲಿ ಬಂದು ತಲುಪಿದಾಗ ದೊಬ್ರಿ ಅಡುಗೆಮನೆಯಲ್ಲಿದ್ದ. ಮೊದಲು ನಕ್ಕ. ಆಮೇಲೆ ಮುದುಕಿ ಕಟ್ಟಿದ್ದ ಆ ನೀಲಿ ಏಪ್ರನ್ ಕಣ್ಮುಂದೆ ಬಂತು. ಅದರ ಕಿಸೆಯ ಪಕ್ಕ ಒಂದು ಸುಟ್ಟ ತೂತು ಇತ್ತು. ಆ ತೂತು ಮಾಡಿದ್ದು ಅವನದೇ ಸಿಗರೇಟು. ಅದಕ್ಕಾಗಿ ಅತ್ತೆಯಿಂದ ವರ್ಷಗಟ್ಟಲೆ ಬೈಸಿಕೊಂಡಿದ್ದ. ಹೆಂಡತಿ ಏನನ್ನು ಹುಡುಕಿಕೊಂಡು ಹೋಗಿದ್ದಾಳೆಂದು ಅವನಿಗೆ ಆಗ ಹೊಳೆಯಿತು.

ಸೆವ್ದಾ ಮುಂದಿನ ಆಟವನ್ನೂ ನೋಡಿ ಸಂಜೆ ಬಂದಳು. ಕೋಟನ್ನೂ ತೆಗೆಯದೆ ಎದುರಿಗೆ ನಿಂತಳು.

“ದೊಬ್ರಿ, ನಿದ್ದೆ ಮಾಡಿದ್ಯಾ?”

ಇಲ್ಲ ಎನ್ನಬಹುದಿತ್ತು. ಅರ್ಧ ಊರು ಸಾಕ್ಷಿಗೆ ಸಿದ್ಧವಾಗಿತ್ತು.

“ಮಾಡ್ದೆ.”

“ಎಲ್ಲಿಂದ?”

“ಹಗ್ಗ ಹರಿದ ಮೇಲಿಂದ.”

“ಅಂದ್ರೆ ಶುರುವಿನಿಂದ.”

“ಹೂಂ.”

ಸೂರು ತಲೆಯ ಮೇಲೆ ಬೀಳುವುದನ್ನೇ ಅವನು ಕಾದ. ಸೆವ್ದಾ ಕುರ್ಚಿ ಎಳೆದುಕೊಂಡು ಕೂತಳು.

“ಅಮ್ಮ ಹೇಗಿದ್ಲು?”

“ಬೈತಾ ಇದ್ಲು.”

“ಜೋರಾಗಾ?”

“ತುಂಬಾ.”

“ಹಾಗಾದ್ರೆ ಆರಾಮಾಗಿದ್ದಾಳೆ,” ಎಂದವಳು ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ವಸಂತದಿಂದ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ನಡುನಡುವೆ ನಗುವೂ ಬರುತ್ತಿತ್ತು. ಸೂರ್ಯನ ಕೆಳಗಿನ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದ್ದ ದೊಬ್ರಿಗೆ ಇದರ ಬಗ್ಗೆ ಒಂದೂ ಇರಲಿಲ್ಲ. ಸುಮ್ಮನೆ ಅವಳ ಬೆನ್ನು ಸವರಿದ. ಅತ್ತು ಮುಗಿದ ಮೇಲೆ ಅವಳಿಗೆ ಕೋಪ ಬಂತು.

“ನಾನು ಹೆತ್ತ ಮಗಳು. ದಿನಾ ಕಣ್ಣು ಮುಚ್ಚಿ ಕಾಯ್ತೀನಿ, ಒಂದು ದಿನ ನನ್ನ ಕನಸಿಗೆ ಬಂದಿಲ್ಲ. ನಿನ್ನ ಕನಸಿಗೆ ಬರ್ತಾಳೆ. ಅದೂ ಸಿನಿಮಾ ನಡೀತಿರುವಾಗ!”

ತನ್ನ ತಪ್ಪಿಲ್ಲವೆಂದು ದೊಬ್ರಿ ಹೇಳಿದ್ದನ್ನು ಅವಳು ನಂಬಲಿಲ್ಲ. ರೇಡಿಯೊದಲ್ಲಿ ನಿಜ ಹೇಳಿ ಬಾ ಎಂದು ಆಜ್ಞೆಯಾಯಿತು.

ಮುಂದಿನ ಶನಿವಾರ ನಿರೂಪಕ ಕಾಮೆನ್‌ನ ಎದುರು ಕೂತು, ತಾನು ಸಿನಿಮಾವಿಡೀ ಮಲಗಿದ್ದೆನೆಂದೂ ಮುದುಕಿ ತನ್ನ ಸತ್ತ ಅತ್ತೆಯೆಂದೂ ದೊಬ್ರಿ ಒಪ್ಪಿಕೊಂಡ. ಆಮೇಲೆ ಫೋನುಗಳು ಬಂದವು. ಮೊದಲನೆಯದೇ ಎವ್ದೋಕಿಯಾಳದು.

“ನೀವು ಮಲಗಿರಬಹುದು ಬೈ ದೊಬ್ರಿ. ನಾನು ಎಚ್ಚರವಾಗಿದ್ದೆ. ನಾನು ನೋಡಿದ್ದು ನೋಡಿದ್ದೇ.”

ಬಸ್ ಡ್ರೈವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಪದ ನಟಿಯೊಬ್ಬಳ ಹೆಸರು ಕೆಡಿಸಲು ಇದೊಂದು ಸಂಚು ಎಂದ. ದೊಬ್ರಿ ಎಷ್ಟು ಬೇಡಿಕೊಂಡರೂ ಊರು ಆ ಮುದುಕಿಯನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಕಾಮೆನ್, ಬೈ ದೊಬ್ರಿ ಇನ್ನೊಂದು ಸಲ, ಈ ಸಲ ಕಣ್ಣು ತೆರೆದುಕೊಂಡು ಸಿನಿಮಾ ನೋಡಿ ಬಂದು ಮಾತಾಡಲಿ ಎಂದು ತೀರ್ಮಾನಿಸಿದ.

ಕಾವಲಿಗೆ ಸೆವ್ದಾಳೇ ಹೊರಟಳು. ಊಟ ಹಾಕಲಿಲ್ಲ, ರಾಕಿಯಾ ಮುಟ್ಟಗೊಡಲಿಲ್ಲ. ಮುಂದಿನ ಸಾಲಿನ ಗಟ್ಟಿ ಕುರ್ಚಿಯಲ್ಲಿ ಪಕ್ಕದಲ್ಲೇ ಕೂತಳು. ಹಗ್ಗ ಹರಿಯಿತು, ದೊಬ್ರಿಯ ಕಣ್ಣು ಮುಚ್ಚಲಿಲ್ಲ. ಪರಲೋಕದ ಬಾಗಿಲಲ್ಲಿ ಮೊದಲು ಸತ್ತವರು ಯಾರು ಎಂದು ಭಾವ ಮೈದುನರು ಸರದಿಗಾಗಿ ಜಗಳ ಹಚ್ಚಿಕೊಂಡರು. ದೊಬ್ರಿ ನಗಬಾರದೆಂದು ತುಟಿ ಕಚ್ಚಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ಕೊನೆಯಲ್ಲಿ ಅವರಿಬ್ಬರೂ ತಾವು ಸತ್ತ ಬೆಳಿಗ್ಗೆಗೇ ವಾಪಸ್ಸು ಬಂದು, ಲಿಫ್ಟಿಗೆ ಕಾಯುತ್ತ ನಿಂತ ತಮ್ಮ ಹೆಂಡಂದಿರನ್ನು ದೂರದಿಂದ ನೋಡುವ ಜಾಗ ಬಂತು. ಹೂಳಲು ಬಂದವನು ಕರವಸ್ತ್ರ ಹುಡುಕಿದ. ಸಿನಿಮಾ ಚೆನ್ನಾಗಿದೆ ಎಂದು ಹೇಳಲು ಸೆವ್ದಾಳ ಕಡೆ ತಿರುಗಿದ.

ಸೆವ್ದಾ ತಲೆ ಹಿಂದಕ್ಕೆ ಒರಗಿಸಿ ಗಾಢ ನಿದ್ದೆಯಲ್ಲಿದ್ದಳು. ಮುಖದಲ್ಲಿ ಬೈಸಿಕೊಳ್ಳುವವರ ಕಳೆ ಇತ್ತು. ಎಬ್ಬಿಸಲು ಎತ್ತಿದ ಕೈಯನ್ನು ದೊಬ್ರಿ ಹಿಂದಕ್ಕೆ ತೆಗೆದುಕೊಂಡ. ತನ್ನ ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿದ.

ದೀಪ ಹತ್ತಿ ಜನ ಎದ್ದ ಮೇಲೆ ಅವಳು ಕಣ್ಣು ಬಿಟ್ಟಳು.

“ಬಂದಿದ್ಲು,” ಎಂದಳು.

“ಏನಂದ್ಲು?” ಎಂದ ದೊಬ್ರಿ.

“ಸುಮಾರು ಹೊತ್ತು ಮಾತಾಡಿದ್ವಿ. ಅದೆಲ್ಲ ನಮ್ಮಿಬ್ಬರ ವಿಷಯ.”

“ನನ್ನ ಬಗ್ಗೆ ಏನಾದ್ರೂ?”

ಸೆವ್ದಾ ಎದ್ದು ನಿಂತು, ಅವನ ಕೋಟನ್ನು ಅವನಿಗೇ ತೊಡಿಸಿ, ನಿಧಾನವಾಗಿ ಗುಂಡಿ ಹಾಕಿದಳು.

“ಸಿನಿಮಾ ತುಂಬಾ ಚೆನ್ನಾಗಿದೆಯಂತೆ. ಗುರುವಾರ ನಿನ್ನ ಪಕ್ಕದಲ್ಲೇ ಕೂತು ಪೂರ್ತಿ ನೋಡಿದ್ಲಂತೆ, ನಿನ್ನ ಗೊರಕೆಯಲ್ಲಿ ಒಂದು ಮಾತೂ ಸರಿಯಾಗಿ ಕೇಳಿಸಲಿಲ್ಲವಂತೆ. ಮೂರನೇ ಭಾಗ ಬಂದ್ರೆ ನಿನ್ನನ್ನ ಮನೇಲಿ ಬಿಟ್ಟು ಬಾ ಅಂದ್ಲು.”