ನಾನು ಕುಡಿಯದ ಬೀರು

ನಾನು ಹುಟ್ಟಿದಾಗಿನಿಂದ ಒಂದು ಹನಿ ಬೀರನ್ನೂ ನಾಲಿಗೆಗೆ ಸೋಕಿಸಿಕೊಂಡವನಲ್ಲ. ಆದರೂ ಯಾವ ದೇಶದವನಿಗೆ ಬೀರು ಎಷ್ಟು ತಣ್ಣಗಿರಬೇಕು, ಮೇಲೆ ಎಷ್ಟು ನೊರೆ ನಿಲ್ಲಬೇಕು ಎಂದು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಕೂಡ್ಲಿಗಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಈ ಎರಡು ಮಾತುಗಳಲ್ಲಿ ಯಾವುದಾದರೂ ಒಂದನ್ನು ಹೇಳಿದರೆ ಜನ ನಂಬುತ್ತಾರೆ. ಎರಡನ್ನೂ ಒಟ್ಟಿಗೆ ಹೇಳಿದರೆ ನನ್ನ ಮುಖ ನೋಡಿ ನಗುತ್ತಾರೆ. ನನ್ನ ಮಾವನಂತೂ ನಗಲೂ ಇಲ್ಲ.

ನಾನು ಫ್ರಿಜ್ ರಿಪೇರಿಯವನು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಇಷ್ಟು ವರ್ಷದ ಕಸುಬಿನಲ್ಲಿ ಕಂಡುಕೊಂಡ ಸತ್ಯವೆಂದರೆ, ‘ತಣ್ಣಗೆ’ ಎಂಬುದು ಒಂದೇ ಶಬ್ದವಾದರೂ ಒಬ್ಬೊಬ್ಬರ ಬಾಯಲ್ಲಿ ಅದಕ್ಕೆ ಒಂದೊಂದು ಅರ್ಥ. ಕೊಟ್ಟೂರಿನ ಕಿರಾಣಿಯವರಿಗೆ ಹಾಲು ಒಡೆಯದಿದ್ದರೆ ಸಾಕು. ಹಡಗಲಿಯ ಸೋಡಾ ಅಂಗಡಿಯವನಿಗೆ ಬಾಟಲಿ ಹಿಡಿದ ಕೈ ಜುಮ್ಮೆನ್ನಬೇಕು. ನನ್ನ ಹೆಂಡತಿ ಶಾಹೀನಳಿಗೆ ಫ್ರಿಜ್ಜಿನ ನೀರು ಕುಡಿದರೆ ನೆಗಡಿ, ಕುಡಿಯದಿದ್ದರೆ ತಲೆನೋವು. ಇವರೆಲ್ಲರನ್ನೂ ನಾನು ಒಂದೇ ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ಸಮಾಧಾನ ಮಾಡುತ್ತ ಬಂದಿದ್ದೆ. ಪ್ರಪಂಚವೆಲ್ಲ ಇಷ್ಟೇ ಇರಬಹುದು ಎಂದುಕೊಂಡಿದ್ದೆ. ಆಗ ಕಾನಹೊಸಹಳ್ಳಿಯಿಂದ ಕೊಟ್ರೇಶಪ್ಪನವರ ಫೋನು ಬಂತು.

ಕೊಟ್ರೇಶಪ್ಪನವರದು ಹೈವೇ ಪಕ್ಕದಲ್ಲಿ ಒಂದು ಲಾಡ್ಜು, ಅದರ ಕೆಳಗೆ ಬಾರ್ ಅಂಡ್ ರೆಸ್ಟೋರೆಂಟು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾದ ಮೇಲೆ ಕೂರುವ ಅವರು ನನ್ನಂತೆಯೇ ಬೀರಿನ ರುಚಿ ನೋಡಿದವರಲ್ಲ. “ರಫೀಕ್, ನಿನ್ನ ಫ್ರಿಜ್ಜು ಕೆಟ್ಟೈತಿ, ಲಗೂನ ಬಾ” ಎಂದರು. ಕೊಳ್ಳುವಾಗ ಅವರದಾಗಿದ್ದ ಫ್ರಿಜ್ಜು ಕೆಟ್ಟಾಗ ಮಾತ್ರ ನನ್ನದಾಗುತ್ತದೆ. ಬಾರಿನ ಮುಂದೆ ಸ್ಕೂಟರ್ ನಿಲ್ಲಿಸಿದರೆ ನೋಡಿದವರು ಏನಾದರೂ ತಿಳಿದುಕೊಂಡಾರು ಎಂದು ನಾನು ಪಕ್ಕದ ಪಂಚರ್ ಅಂಗಡಿಯಲ್ಲಿ ನಿಲ್ಲಿಸಿ, ಹಿಂಬಾಗಿಲಿನಿಂದ ಒಳಗೆ ಹೋದೆ. ಜಾಣತನ ಎಂದರೆ ಇದು ಎಂದು ನನಗೆ ನಾನೇ ಹೇಳಿಕೊಂಡೆ.

ಫ್ರಿಜ್ಜಿಗೆ ಏನೂ ಆಗಿರಲಿಲ್ಲ. ಕಂಪ್ರೆಸರ್ ಸರಿಯಿತ್ತು, ಗ್ಯಾಸ್ ತುಂಬಿತ್ತು. ಕೆಟ್ಟಿದ್ದು ಗಿರಾಕಿಗಳ ಮನಸ್ಸು. ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಮೂವರು ವಿದೇಶಿ ಎಂಜಿನಿಯರುಗಳು ಬಂದು ಆ ಲಾಡ್ಜಿನಲ್ಲಿ ಇಳಿದಿದ್ದರು. ಒಬ್ಬ ಇಂಗ್ಲೆಂಡಿನವನು, ಒಬ್ಬ ಜರ್ಮನಿಯವನು, ಒಬ್ಬ ಆಸ್ಟ್ರೇಲಿಯದವನು. ಅವರ ಮಾತನ್ನು ನಮಗೆ, ನಮ್ಮ ಮಾತನ್ನು ಅವರಿಗೆ ತಿಳಿಸಲು ಅದೇ ಕಂಪನಿಯ ಶ್ವೇತಾ ಎಂಬ ಎಂಜಿನಿಯರ್ ಹುಡುಗಿ ಇದ್ದಳು, ಹರಪನಹಳ್ಳಿಯವಳು. ಅವಳೇ ನನಗೆ ದೂರು ಹೇಳಿದಳು: “ಅಂಕಲ್, ಈ ಇಂಗ್ಲೆಂಡ್ ಸರ್‌ಗೆ ಬೀರು ಭಾಳ ತಣ್ಣಗೈತಂತೆ. ನಾಲಿಗೆ ಮರಗಟ್ಟಿ ರುಚೀನೇ ಗೊತ್ತಾಗಲ್ಲ ಅಂತಾರೆ.”

ನಾನು ಗುಂಡಿ ತಿರುಗಿಸಿ ತಂಪು ಕಡಿಮೆ ಮಾಡಿ ಬಂದೆ. ಮರುದಿನ ಮತ್ತೆ ಫೋನು. ಆಸ್ಟ್ರೇಲಿಯದವನು ಒಂದು ಗುಟುಕು ಕುಡಿದು, ಇದನ್ನು ಒಲೆಯ ಮೇಲಿಂದ ಇಳಿಸಿ ತಂದಿರಾ ಎಂದು ಕೇಳಿದನಂತೆ. ಅವರ ಊರಿನಲ್ಲಿ ಬಾಟಲಿಯ ಹೊರಗೆ ಮಂಜು ಕಟ್ಟದಿದ್ದರೆ ಅದನ್ನು ಬೀರು ಎಂದು ಒಪ್ಪುವುದೇ ಇಲ್ಲವಂತೆ. ತಂಪು ಹೆಚ್ಚಿಸಿದೆ. ಮೂರನೆಯ ದಿನ ಜರ್ಮನಿಯವನ ಸರದಿ. ಅವನಿಗೆ ಅತಿ ತಂಪೂ ಬೇಡ, ಬಿಸಿಯೂ ಬೇಡ, ಬೇಕಾದದ್ದು ನೊರೆ. ಗ್ಲಾಸಿನ ಮೇಲೆ ಎರಡು ಬೆರಳಿನಷ್ಟು ದಪ್ಪಗೆ, ಕೆನೆಯ ಹಾಗೆ ನಿಲ್ಲಬೇಕು. ನಮ್ಮ ಸಪ್ಲೈಯರ್ ಗ್ಲಾಸನ್ನು ಓರೆಯಾಗಿ ಹಿಡಿದು ನೊರೆಯೇ ಬಾರದಂತೆ ಸುರಿಯುವುದರಲ್ಲಿ ನಿಪುಣ. ಅವನು ಹೆಮ್ಮೆಯಿಂದ ತಂದಿಟ್ಟ ಗ್ಲಾಸನ್ನು ಜರ್ಮನಿಯವನು ಸತ್ತ ಬೀರು ಎಂದು ವಾಪಸು ಕಳಿಸಿದ್ದ.

ಇಷ್ಟರಲ್ಲಿ ನಾಲ್ಕನೆಯ ದೇಶವೂ ತಕರಾರು ತೆಗೆಯಿತು. ಅದು ನಮ್ಮದೇ ದೇಶ. ಹಗರಿಬೊಮ್ಮನಹಳ್ಳಿಯ ಲಾರಿ ಮಾಲೀಕ ಬಸಣ್ಣ ಆ ಬಾರಿನ ಹಳೆಯ ಗಿರಾಕಿ. ಅವನಿಗೆ ಸ್ಟ್ರಾಂಗ್ ಬೀರೇ ಬೇಕು, ಅದು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು, ಜೊತೆಗೆ ಮೆಣಸಿನಕಾಯಿ ಬಜ್ಜಿ ಸುಡುಸುಡು ಇರಬೇಕು. ಜರ್ಮನಿಯವನಿಗೆಂದು ನೊರೆ ಬರಿಸಿ ತಂದ ಗ್ಲಾಸು ತಪ್ಪಿ ಇವನ ಟೇಬಲ್ಲಿಗೆ ಹೋಗಿ ಗಲಾಟೆಯಾಗಿತ್ತು. ನನ್ನನ್ನು ಕಂಡವನೇ ಎದ್ದು ಬಂದ.

“ಸಾಬ್ರ, ಅರ್ಧ ಗ್ಲಾಸು ಗಾಳಿ ಕೊಟ್ಟಾರ ನೋಡ್ರಿ! ಗಾಳಿ ಬೇಕಂದ್ರ ಗುಡ್ಡದ ಮ್ಯಾಲೆ ಹೋಗ್ಲಿ, ಅಲ್ಲೇ ಫ್ಯಾನು ಹಾಕಾಕತ್ತ್ಯಾರಲ್ಲ.”

“ಇಂಗ್ಲೆಂಡ್ ಸಾಹೇಬ್ರಿಗೆ ತಣ್ಣಗಿದ್ರ ರುಚಿ ಗೊತ್ತಾಗಂಗಿಲ್ಲಂತ, ಬಸಣ್ಣ” ಎಂದೆ ನಾನು, ಮಾತು ಬದಲಿಸಲು.

“ರುಚಿ ಗೊತ್ತಾಗಬಾರ್ದಂತ್ಲೇ ತಣ್ಣಗ ಮಾಡೋದು ರೀ!” ಎಂದ ಬಸಣ್ಣ. ಶ್ವೇತಾ ಇದನ್ನು ಇಂಗ್ಲಿಷಿಗೆ ತಂದು ಹೇಳಿದಾಗ ಇಂಗ್ಲೆಂಡಿನವನು ಬಹಳ ಹೊತ್ತು ಯೋಚಿಸಿ, ಈ ಮನುಷ್ಯ ಹೇಳುವುದರಲ್ಲಿ ಸತ್ಯವಿದೆ ಎಂದನಂತೆ.

ಕೊಟ್ರೇಶಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಒಂದು ಫ್ರಿಜ್ಜಿನಲ್ಲಿ ನಾಲ್ಕು ದೇಶ ಬಾಳುವುದಿಲ್ಲ ಎಂದು ನಾನು ಅವರಿಗೆ ತಿಳಿಹೇಳಿದೆ. ನನ್ನ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಐಸ್‌ಕ್ರೀಮ್ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದು ಆಸ್ಟ್ರೇಲಿಯಕ್ಕೂ ಬಸಣ್ಣನಿಗೂ ಸೇರಿಸಿ ಇಟ್ಟೆ. ಆ ಇಬ್ಬರಿಗೂ ಪರಸ್ಪರ ಒಂದು ಮಾತು ಅರ್ಥವಾಗದಿದ್ದರೂ ಅಂದಿನಿಂದ ಒಂದೇ ಟೇಬಲ್ಲಿನಲ್ಲಿ ಬಜ್ಜಿ ತಿನ್ನತೊಡಗಿದರು. ಬಾರಿನ ಫ್ರಿಜ್ಜನ್ನು ಜರ್ಮನಿಗೆ ಬಿಟ್ಟು, ನೊರೆ ಸರಿಯಾಗಿ ಬರುವ ತಂಪು ಯಾವುದೆಂದು ಥರ್ಮಾಮೀಟರ್ ಅದ್ದಿ ಅದ್ದಿ ನೋಡಿ ನಿಲ್ಲಿಸಿದೆ. ಉಳಿದದ್ದು ಇಂಗ್ಲೆಂಡು. ಅವನಿಗೆ ಯಾವ ಯಂತ್ರದ ತಂಪೂ ಒಗ್ಗಲಿಲ್ಲ. ಕೊನೆಗೆ ಬೇಸತ್ತು, ಅಡುಗೆಮನೆಯ ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ಮಡಕೆಗೆ ನೀರು ತುಂಬಿಸಿ, ಅದರಲ್ಲಿ ಅವನ ಬಾಟಲಿಗಳನ್ನು ಮುಳುಗಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಸಂಜೆ ಒಂದು ಗುಟುಕು ಕುಡಿದವನೇ ಅವನು ಕಣ್ಣು ಮುಚ್ಚಿಕೊಂಡ. ತನ್ನ ಊರಿನ ನೆಲಮಾಳಿಗೆಯ ತಂಪು ಇದೇ ಎಂದನಂತೆ. ಆಮೇಲೆ ಎದ್ದು ಬಂದು ಮಡಕೆಯನ್ನು ಮುಟ್ಟಿ ಮುಟ್ಟಿ ನೋಡಿದ. ಇಡೀ ಜೀವಮಾನ ಫ್ರಿಜ್ಜಿಗೆ ಸವೆಸಿದ ನನಗೆ ಬಂದ ಅತಿ ದೊಡ್ಡ ಹೊಗಳಿಕೆ ಒಂದು ಮಡಕೆಗೆ ಬಂತು.

ಎಲ್ಲ ಸರಿಹೋಯಿತು ಎನ್ನುವಾಗ ನನ್ನದು ಕೆಟ್ಟಿತು. ಈ ಹದಿನೈದು ದಿನಗಳಲ್ಲಿ ನಾನು ಪ್ರತಿದಿನವೂ ಆ ಬಾರಿಗೆ ಹೋಗಿದ್ದೆ. ಮುಂಬಾಗಿಲಿನಿಂದ ರಿಂಚು, ಸ್ಕ್ರೂಡ್ರೈವರ್ ಹಿಡಿದು ಹೋಗುವವನನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಸ್ಕೂಟರನ್ನು ಬೇರೆಲ್ಲೋ ಮರೆಮಾಡಿ, ಹಿಂಬಾಗಿಲಿನಿಂದ ಅತ್ತ ಇತ್ತ ನೋಡುತ್ತ ಹೊರಗೆ ಬರುವವನನ್ನು ಊರೇ ನೋಡುತ್ತದೆ. ಬಸ್ಸಿನ ಕಿಟಕಿಯಿಂದ ಯಾರೋ ನೆಂಟರು ನೋಡಿದರು. ಸುದ್ದಿ ಕೊಟ್ಟೂರಿಗೆ ಹೋಗಿ, ಅಲ್ಲಿಂದ ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮಾವನನ್ನು ತಲುಪಿತು. ಐದು ಹೊತ್ತಿನ ನಮಾಜನ್ನು ಒಂದು ದಿನವೂ ತಪ್ಪಿಸದ, ಚಹಾಕ್ಕೂ ಸಕ್ಕರೆ ಅತಿಯಾಗಬಾರದು ಎನ್ನುವ ಮನುಷ್ಯ. ಭಾನುವಾರ ಬೆಳಿಗ್ಗೆ ಕೂಡ್ಲಿಗಿಗೆ ಬಂದು, ನನ್ನ ಅಂಗಡಿಗೆ ಬೀಗ ಹಾಕಿದ್ದನ್ನು ಕಂಡು, ಮನೆಗೂ ಹೋಗದೆ ಮುಂದಿನ ಬಸ್ಸಿಗೆ ಕಾನಹೊಸಹಳ್ಳಿಗೆ ಬಂದಿಳಿದರು.

ಅವರು ಒಳಗೆ ಬಂದಾಗ ನಾನು ಬೀರು ತುಂಬಿದ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೊರೆ ಅಳೆಯುತ್ತಿದ್ದೆ. ಬೆರಳಿಗೆ ನೊರೆ ಹತ್ತಿತ್ತು. ಗ್ಲಾಸಿನ ಆಚೆಗೆ ಬಿಳಿಯ ಗಡ್ಡವೊಂದು ಕಾಣಿಸಿತು.

“ಮಾಮಾ!” ಎಂದೆ. “ನೀವು ತಿಳ್ಕೊಂಡಂಗ ಅಲ್ಲ. ಇದು ಜರ್ಮನಿಯವ್ರದು. ಇದು ಅತಿ ತಣ್ಣಗಾದ್ರ ನೊರಿ ಏಳಂಗಿಲ್ಲ. ಇಂಗ್ಲೆಂಡಿನವ್ರದು ಮಡಕಿಯೊಳಗೈತಿ, ಅದಕ್ಕ ನೊರಿ ತೆಳ್ಳಗ ಸಾಕು. ಆಸ್ಟ್ರೇಲಿಯದ್ದು ಆ ಪೆಟ್ಟಿಗ್ಯಾಗ, ಅದು ಗಂಟಲಾಗ ಇಳಿಯೋವಾಗ ಕೊರೀಬೇಕು…”

ನಿರಪರಾಧಿ ಎಂದು ಸಾಬೀತು ಮಾಡಲು ನಾನು ಗೊತ್ತಿದ್ದದ್ದನ್ನೆಲ್ಲ ಹೇಳುತ್ತ ಹೋದೆ. ಹೇಳಿದಷ್ಟೂ ಮಾವನ ಮುಖ ಬಿಗಿಯುತ್ತ ಹೋಯಿತು.

“ಕುಡೀದವಗ ಇಷ್ಟೆಲ್ಲ ಹೆಂಗ ಗೊತ್ತಕ್ಕತಿ, ರಫೀಕ್?” ಎಂದರು ಅವರು, ಮೆಲ್ಲಗೆ.

ಕೊಟ್ರೇಶಪ್ಪ ಗಲ್ಲಾದಿಂದ ಇಳಿದು ಬಂದು, “ಯಜಮಾನ್ರ, ನಿಮ್ಮ ಅಳಿಯ ಬಂಗಾರದಂಥ ಮನುಷ್ಯ” ಎಂದರು. ಬಾರಿನ ಮಾಲೀಕ ಕೊಡುವ ಇಂಥ ಪ್ರಶಸ್ತಿಯಿಂದ ಯಾವ ಮಾವನಿಗೆ ಸಂತೋಷವಾದೀತು? ಬಸಣ್ಣ ತೂರಾಡುತ್ತ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, “ನಮ್ಮ ಸಾಬ್ರು ಒಂದು ಹನಿ ಮುಟ್ಟಿಲ್ರಿ, ನಾನು ದಿನಾ ಜೋಡಿಗೆ ಇರ್ತೀನಿ” ಎಂದು ಸಾಕ್ಷಿ ನುಡಿದ. ಇವೆಲ್ಲಕ್ಕೂ ಕಳಶವಿಟ್ಟಂತೆ ಇಂಗ್ಲೆಂಡಿನವನು ಎದ್ದು ಮಾವನ ಕೈ ಕುಲುಕಿ ಏನೋ ಹೇಳಿದ. ಅದನ್ನು ಕನ್ನಡಕ್ಕೆ ತರಬೇಡ ಎಂದು ನಾನು ಕಣ್ಸನ್ನೆ ಮಾಡಿದರೂ ಶ್ವೇತಾ ಪ್ರಾಮಾಣಿಕ ಹುಡುಗಿ. “ಅಜ್ಜಾರೇ, ಈ ದೇಶದಾಗೆ ಬೀರು ಅರ್ಥ ಮಾಡ್ಕೊಂಡೋರು ನಿಮ್ಮ ಅಳಿಯ ಒಬ್ರೇ ಅಂತಾರೆ ಇವ್ರು” ಎಂದಳು.

ಮಾವ ಸ್ಕೂಟರಿನ ಹಿಂದೆ ಕೂತರು. ಕೂಡ್ಲಿಗಿಯವರೆಗೆ ನನ್ನ ಭುಜವನ್ನು ಹಿಡಿಯದೆ ಸೀಟನ್ನೇ ಹಿಡಿದುಕೊಂಡಿದ್ದರು. ನನ್ನ ಕೈಯಿಂದ ಬರುತ್ತಿದ್ದ ಬೀರಿನ ವಾಸನೆ ಗಾಳಿಗೆ ನೇರವಾಗಿ ಅವರ ಮೂಗಿಗೇ ಹೋಗುತ್ತಿತ್ತು. ಈ ಮನುಷ್ಯ ನನಗೆ ಮಗಳನ್ನು ಕೊಡುವಾಗ ನನ್ನ ಬಗ್ಗೆ ಯಾರನ್ನೂ ವಿಚಾರಿಸಿರಲಿಲ್ಲ. ನನ್ನ ಅಂಗಡಿಗೆ ಬಂದು, ನಾನು ಕೆಲಸ ಮಾಡುವುದನ್ನು ಅರ್ಧ ಗಂಟೆ ನೋಡಿ ಹೋಗಿದ್ದರು, ಅಷ್ಟೆ.

ನಮ್ಮ ಮನೆಯ ಮಾತುಕತೆ ಉರ್ದುವಿನಲ್ಲಿ ಶುರುವಾಗಿ, ಬಿಸಿ ಏರಿದಂತೆ ಕನ್ನಡಕ್ಕೆ ಹೊರಳುತ್ತದೆ. ಅಂದು ಹೊಸ್ತಿಲಲ್ಲೇ ಕನ್ನಡ ಬಂತು. ಮಾವ ನಡೆದದ್ದನ್ನೆಲ್ಲ ಹೇಳಿದರು. ಶಾಹೀನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಕ್ಕುಬಿಟ್ಟಳು.

“ಇವ್ರು? ಬೀರಿನ ರುಚಿ ನೋಡಾಕ? ಅಬ್ಬಾ, ಇವ್ರಿಗೆ ನಾಲಿಗೀನ ಇಲ್ಲ. ಇಷ್ಟು ವರ್ಷ ಆತು, ಸಾರಿಗೆ ಉಪ್ಪು ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ಬಿಸಿ ಐತಿ, ತಣ್ಣಗೈತಿ, ಇವೆರಡು ಬಿಟ್ರ ಇವ್ರ ಬಾಯಿಗೆ ಬ್ಯಾರೆ ಏನೂ ತಿಳಿಯಂಗಿಲ್ಲ.”

ನನ್ನನ್ನು ಕಾಪಾಡಲೆಂದೇ ಆಡಿದ ಮಾತು. ಆದರೂ ಚುಚ್ಚಿತು. ನಾಲ್ಕು ದೇಶದವರನ್ನು ಮೆಚ್ಚಿಸಿ ಬಂದವನಿಗೆ ನಾಲಿಗೆಯೇ ಇಲ್ಲವೇ? ಮಾವ ಮಾತ್ರ ಇನ್ನೂ ಅನುಮಾನದಲ್ಲೇ ಇದ್ದರು. ಹೆಂಡತಿ ಗಂಡನ ಪರ ಮಾತಾಡುವುದು ಇದ್ದದ್ದೇ ಎಂಬಂತೆ ತಲೆಯಾಡಿಸಿ ಕೈ ತೊಳೆಯಲು ಹೋದರು.

ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಬೇಳೆ ಸಾರು, ಬದನೆಕಾಯಿ. ಮಾವ ಎರಡು ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದರು, ಬಸ್ಸಿನ ದಣಿವು ಇರಬೇಕು ಎಂದುಕೊಂಡೆ. ನನಗೂ ನಾಲಿಗೆ ಇದೆ ಎಂದು ಹೆಂಡತಿಗೆ ತೋರಿಸಿಕೊಡಲು ಇದೇ ಸಮಯ ಎನ್ನಿಸಿತು. ಸಾರನ್ನು ಬಾಯಿಗೆ ಹಾಕಿಕೊಂಡು, ಇಂಗ್ಲೆಂಡಿನವನಂತೆ ಅರೆಗಳಿಗೆ ಕಣ್ಣು ಮುಚ್ಚಿ, ತೆರೆದು, ಗಂಭೀರವಾಗಿ ಹೇಳಿದೆ: “ಉಪ್ಪು ಒಂಚೂರು ಕಮ್ಮಿ ಆಗೈತಿ.”

ಶಾಹೀನ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ನಮ್ಮ ಮಾತಿನ ಗಡಿಬಿಡಿಯಲ್ಲಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳಂತೆ. ಮಾವ ನಾಲ್ಕನೆಯ ಲೋಟ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟರು. ನನ್ನನ್ನು ಬಹಳ ಹೊತ್ತು ಕರುಣೆಯಿಂದ ನೋಡಿ, ಎಡಗೈಯನ್ನು ನನ್ನ ಹೆಗಲ ಮೇಲಿಟ್ಟರು.

“ಊಟ ಮಾಡು, ಬೇಟಾ” ಎಂದರು. “ನನಗ ನಂಬಿಕಿ ಬಂತು.”