ಅಪ್ಪನ ಹತ್ತರಿಗೆ ಸಾಣೆ ಹಿಡಿದದ್ದು

ತನಗೆ ಬಾರದ ವಿದ್ಯೆಯನ್ನು ಬಾರದು ಎಂದು ಯಾರಾದರೂ ಒಪ್ಪಿಕೊಂಡಾರು. ಅದು ಅಪ್ಪನ ಕಸುಬಾಗಿದ್ದರೆ ಮಾತ್ರ ಬಾಯಿ ಬರುವುದಿಲ್ಲ. ನಾನು ಮರಗೆಲಸದ ಆಚಾರರ ಮಗ. ಕುಂದಾಣದಲ್ಲಿ ಮೇಷ್ಟ್ರಾಗಿ ಸೀಮೆಸುಣ್ಣ ಹಿಡಿದು ಇಪ್ಪತ್ತೆರಡು ವರ್ಷವಾದರೂ ಊರಿನವರಿಗೆ ನನ್ನ ಕೈಯಲ್ಲಿ ಉಳಿಯೇ ಕಾಣುತ್ತದೆ. ಹೀಗಿರುವಾಗ ಮಳೆಗಾಲ ಬಂದರೆ ನನ್ನ ಮನೆಯ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳಬೇಕೆ! ನನ್ನಾಕೆ ಇದ್ದಾಗ ಇಬ್ಬರೂ ಸೇರಿ ಒಳಗಿನಿಂದ ಎಳೆಯುತ್ತಿದ್ದೆವು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಈಗ ಬೆಳಿಗ್ಗೆ ಹೊಲಕ್ಕೆ ಹೊರಟ ಪಕ್ಕದ ಮನೆಯ ಮುನಿಯಪ್ಪ ಹೊರಗಿನಿಂದ ಒದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒದ್ದವನನ್ನು ಹಾಗೇ ಕಳಿಸಲಾದೀತೆ? ಕೂರಿಸಿ ಬೆಲ್ಲದ ಕಾಫಿ ಕೊಡುತ್ತಿದ್ದೆ. ಎಮ್ಮೆ, ಹುಚ್ಚೆಳ್ಳು, ಯುದ್ಧ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಹೋಗುತ್ತಿದ್ದ. ದಿನವಿಡೀ ಈ ಮನೆಯಲ್ಲಿ ನನ್ನದಲ್ಲದ ದನಿ ಅದೊಂದೇ.

“ಆಚಾರ್ರ ಮನೆ ಬಾಗ್ಲಿಗೆ ನಾನು ದಿನಾ ಒದೀಬೇಕಲ್ಲ ಮೇಷ್ಟ್ರೇ! ನಿಮ್ಮಪ್ಪಾರಿದ್ದಿದ್ರೆ ಒಂದು ಸಲ ಹತ್ರಿ ಆಡ್ಸಿ ಬಿಸಾಕೋರು,” ಎಂದ ಒಂದು ದಿನ.

ಚುರುಕ್ಕೆಂದಿತು. ಮರ ಹೆರೆದು ನಯ ಮಾಡುವ ಅಪ್ಪನ ಹತ್ತರಿಯನ್ನು ಅಟ್ಟದಿಂದ ಇಳಿಸಿದೆ. ಮರದ ಮೈಗೆ ಜೇಡರ ಬಲೆ, ಅಲಗಿಗೆ ತುಕ್ಕು. ಬೆಣೆ ಬಡಿದು ಅಲಗನ್ನು ಬಿಡಿಸುವುದರಲ್ಲೇ ಹೆಬ್ಬೆರಳು ಊದಿತು. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗದ ಕಾಲ. ಇಟ್ಟಿಗೆ ಪುಡಿಗೆ ಹರಳೆಣ್ಣೆ ಕಲಸಿ ತಿಕ್ಕಿದೆ, ಮರಕ್ಕೆ ಹೊಂಗೆ ಎಣ್ಣೆ ಕುಡಿಸಿದೆ. ಶಾಲೆ ಬಿಟ್ಟ ಮೇಲೆ ಮೂರು ಸಂಜೆ ಸಾಣೆಕಲ್ಲಿನ ಮುಂದೆ ಕೂತು ಅಲಗನ್ನು ಎರಡೂ ಮಗ್ಗುಲು ಸಮನಾಗಿ ಮಸೆದೆ. ಪಕ್ಷಪಾತ ನನಗಾಗದು. ಬಾಗಿಲ ಅಂಚಿಗೆ ಇಟ್ಟು ನೂಕಿದರೆ, ಹತ್ತರಿ ಪಾಚಿಯ ಮೇಲೆ ಕಾಲಿಟ್ಟ ಹಾಗೆ ಜಾರಿಹೋಯಿತು.

ಮುನಿಯಪ್ಪ ಅಲಗನ್ನು ಬೆಳಕಿಗೆ ಹಿಡಿದು ನಕ್ಕ. “ಈಳಿಗೆಮಣೆ ಅಂದ್ಕಂಡ್ರಾ? ಒಂದೇ ಮಗ್ಗುಲು ಮಸೀಬೇಕು ಮೇಷ್ಟ್ರೇ. ಬೆನ್ನು ಚಪ್ಪಟೆ ಇರ್ಬೇಕು. ನಿಮ್ಮಪ್ಪಾರು ಮಸೆಯೋದ್ನ ಜಗಲಿ ಮೇಲೆ ಕುಂತು ನಾನು ನೋಡ್ತಿರ್ಲಿಲ್ವಾ?”

ಆಗ ನಾನೆಲ್ಲಿದ್ದೆ? ಒಳಗೆ, ಮಗ್ಗಿ ಉರು ಹೊಡೆಯುತ್ತಿದ್ದೆ.

ಬೆನ್ನನ್ನು ಮತ್ತೆ ಚಪ್ಪಟೆ ಮಾಡಲು ಇನ್ನೊಂದು ವಾರ ಹಿಡಿಯಿತು. ಕೊನೆಗೊಂದು ಸಂಜೆ ಹತ್ತರಿಯ ಬಾಯಿಂದ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಸುರುಳಿ ಎದ್ದು ಬಂತು. ‘ನೋಡೇ ಇಲ್ಲಿ!’ ಎಂದು ಅಡುಗೆಮನೆಯ ಕಡೆ ತಿರುಗಿಯೂಬಿಟ್ಟೆ. ತಿರುಗಿದ ಕತ್ತನ್ನು ಸುಮ್ಮನೆ ಹಿಂದಕ್ಕೆ ತರಲು ಆಗಲಿಲ್ಲ. ಒಲೆ ಆರಿದೆಯೋ ಎಂದು ನೋಡಿದವನ ಹಾಗೆ ನಟಿಸಿದೆ. ಯಾರಿಗಾಗಿ ನಟಿಸಿದೆನೋ. ಬಾಗಿಲೇನೋ ಒಂದು ಬೆರಳಿಗೆ ತೆರೆಯಿತು.

ಮರುದಿನ ಎರಡು ಲೋಟ ಕಾಫಿ ಸೋಸಿಟ್ಟು ಕೂತೆ. ಮುನಿಯಪ್ಪ ತೆರೆದ ಬಾಗಿಲನ್ನು ಬೀದಿಯಿಂದಲೇ ನೋಡಿ, “ಭಲೇ ಮೇಷ್ಟ್ರೇ! ನನ್ನ ಕಾಲಿಗೆ ಬಿಡುಗಡೆ ಆಯ್ತು,” ಎಂದು ನಡೆದೇಬಿಟ್ಟ. ಎರಡನ್ನೂ ನಾನೇ ಕುಡಿದೆ. ಮೂರನೆಯ ದಿನ ತಡೆಯಲಾರದೆ ಬೀದಿಗಿಳಿದು ಅವನಿಗೆ ಅಡ್ಡ ನಿಂತೆ.

“ನಿನ್ನ ನೇಗಿಲ ಮೇಣಿ ಒರಟಾಗಿರ್ಬೇಕಲ್ಲ? ತಂದ್ಕೊಡು, ನಯ ಮಾಡ್ತೀನಿ.”

“ಹಿಡ್ದೂ ಹಿಡ್ದೂ ಅದು ನನ್ನ ಕೆನ್ನೆಗಿಂತ ನಯ ಆಗೈತೆ.”

“ಗುದ್ದಲಿ ಕಾವು?”

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. “ಹೊಸ್ದೊಂದೈತೆ. ತತ್ತೀನಿ ಬಿಡಿ.”

ತಂದ. ಅರ್ಧ ಗಂಟೆಯ ಕೆಲಸ; ಅಂದೇ ಮುಗಿಸಿ ಕಾವನ್ನು ಮಂಚದ ಕೆಳಗೆ ತಳ್ಳಿದ್ದೇನೆ. ಈಗ ಹತ್ತು ದಿನವಾಯಿತು. ಮುನಿಯಪ್ಪ ದಿನಾ ಬಂದು ಕಾಫಿ ಕುಡಿದು, “ಆಯ್ತಾ ಮೇಷ್ಟ್ರೇ?” ಎಂದು ಕೇಳುತ್ತಾನೆ. ಕುಲಕಸುಬಿನಲ್ಲಿ ನನಗೆ ಪೂರ್ತಿ ಕೈಹತ್ತಿರುವುದು ಅದೊಂದೇ: ಗಿರಾಕಿಗೆ “ನಾಳೆ ಬಾ” ಎನ್ನುವುದು.